ತುಟಿ ಎತ್ತರಕ್ಕ

ಬ್ಯಾಡಗಿ ಬಸ್ ಸ್ಟ್ಯಾಂಡಿನಾಗ ಇಳದಕೂಡ್ಲೆ
ಮೂರು ಸೀನು.
ಹೆಗಲಿಗೆ ಡ್ರಿಲ್ಲಿನ ಚೀಲ, ಬಗಲಾಗ
ಕೂಸಿನಂಗ ಸುತ್ತಿದ ಬಿಳೇ ಬಟ್ಟಿ,
ಮುಂಬೈ ಮಾಲು, ಹನ್ನೊಂದು ಫೂಟು,
ಸುಕ್ಕು ಬಿದ್ರ ವಾಪಸ್ ಇಲ್ಲ.

ಹಲಗೇರಿ ಸಾಹುಕಾರ್ರ ಹಳೇ ಉಗ್ರಾಣ
ಈಗ ಮನಿಯೊಳಗಿನ ಥೇಟರು.
ಕಿಟಕಿ ಮುಚ್ಯಾರ, ಗ್ವಾಡಿಗೆ ದಪ್ಪನ್ನ ಅರಿವಿ ಬಡದಾರ.
ಎಷ್ಟು ಬಣ್ಣಾ ಹೊಡದ್ರೂ ಮೂಲ್ಯಾಗ
ಮೆಣಸಿನಕಾಯಿ ಘಾಟು ಇನ್ನೂ ಕುಂತೈತಿ,
ಬಾಡಿಗಿ ಕೊಡದ ಹಳೇ ಬಿಡಾರದವನಂಗ.

"ಎಲ್ಲಾರೂ ಮೊಣಕಾಲಿಂದ ಮಾತಾಡ್ತಾರ್ರಿ"
ಅಂತ ದೂರಿದ್ರು ಫೋನಿನಾಗ.
ಖರೇನ. ತೆರಿ ಕೆಳಗ ಉದ್ದಕ ಮಲಗಿತ್ತು ಸ್ಪೀಕರು.
ರಾಜಾ ಗುಡುಗಿದ್ರೂ ಅವನ ಕೆರವಿನ ಕಡಿಂದ,
ತಾಯಿ ಅತ್ರೂ ಸೀರಿ ನಿರಿಗಿ ಒಳಗಿಂದ.
ಕಣ್ಣು ಮ್ಯಾಲ, ಕಿವಿ ಕೆಳಗ,
ನಡುವ ಎರಡು ಮೊಳ ಸುಳ್ಳು.

ನಾನು ಬೆಟಗೇರಿಯಂವ. ನಮ್ಮವ್ವ
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಮೂವತ್ತು ವರ್ಷ ಕುಂತಾಕಿ.
ಹಿಂದಿನ ರಾತ್ರಿ ತೋರಿಸಿದ್ದೆ ಬಟ್ಟಿ.
ದೀಪಕ್ಕ ಹಿಡದು, ಉಗುರಿಲೆ ಎಳಿ ಎಣಿಸಿ, ನಕ್ಕಳು:
"ಇಷ್ಟು ಸಡಲ ನೇದಿದ್ರ ಸೊಸಾಯ್ಟಿಯವ್ರು
ಮಾರಿ ಮ್ಯಾಲ ಒಗೀತಿದ್ರು.
ತೂತಿಗೆ ರೊಕ್ಕಾ ಕೊಟ್ಟೇನೋ?"
ಹೌದವ್ವಾ, ತೂತಿಗೇ ಕೊಟ್ಟದ್ದು.
ಬೆಳಕು ಬಂದ್ರ ಇದು ಗ್ವಾಡಿ ಆಗಬೇಕು,
ದನಿ ಬಂದ್ರ ಬಾಗಲಾ.

ನೆಟ್ಟಗ ಎಳದು ಬಿಗದ್ನಿ. ಹಾಕಿ ನೋಡಿದ್ರ
ಚಿತ್ರದ ಚುಕ್ಕಿಗೂ ನೇಯ್ಗಿ ಎಳಿಗೂ ಜಗಳ,
ನಾಯಕನ ಗಲ್ಲದ ಮ್ಯಾಲ ಕೆರಿ ನೀರಿನಂಗ ತೆರಿ ತೆರಿ.
ಎಲ್ಲಾ ಬಿಚ್ಚಿ, ಹದಿನೈದು ಡಿಗ್ರಿ ಓರೆ ಮಾಡಿ
ಮತ್ತ ಬಿಗದ್ನಿ.
(ಓರೆ ಇದ್ರನ ಹೊಂದಿಕಿ ಆಗ್ತೈತಿ ಕೆಲವು ಕಡೆ.
ನನ್ನ ಸಂಸಾರದ ಮಾತಲ್ಲ ಇದು.)
ಹಿಂದ ಕರೇ ಅರಿವಿ, ಸ್ಪೀಕರಿನ ಹೊಳಪು ಕಾಣಬಾರದಂತ.
ಮೂರು ಪೆಟಿಗಿ, ಬಟ್ಟಿಯಿಂದ ಒಂದು ಗೇಣು ಹಿಂದ.
ನಡುವಿಂದು ಸರಿಯಾಗಿ
ತೆರಿ ಮ್ಯಾಲಿನ ಮನಿಷ್ಯಾನ ತುಟಿ ಎತ್ತರಕ್ಕ.

ಒಂದು ವಾಯರ್ ಕಡಿಮಿ ಬಿತ್ತು. ಹಾವೇರಿಗೆ ಹುಡುಗನ್ನ ಕಳಿಸಿ ಕುಂತ್ವಿ.
"ಬಟ್ಟಿ ದನಿ ಬಿಡತೈತಂತ ಹೆಂಗ ನಂಬೂದು?"
ಸಾಹುಕಾರ್ರು ಕುರ್ಚಿಯೊಳಗ ಕಾಲು ಚಾಚಿದ್ರು,
ಅವರ ತಲಿ ಮ್ಯಾಲಿಂದ ಒಂದ ದೀಪ.
ಯಾರರ ಹಿಂದ ಹೋಗಿ ನಾಕು ಮಾತು ಆಡ್ರಿ, ಅಂದ್ನಿ.
ಚಾದ ಕಪ್ಪು ಇಡಾಕ ಬಂದ ನೀಲಾಂಬಿಕಕ್ಕಾರು
ಸೆರಗು ಸಿಗಿಸಿ, ಕರೇ ಅರಿವಿ ಸರಿಸಿ,
ಸಂದಿಯೊಳಗ ನುಸುಳಿದ್ರು.

ಗುಮಾಸ್ತ ಫಕ್ಕೀರೇಶ ಕಿವಿಯಾಗ ಹೇಳಿದ್ದು ಆವಾಗ:
ಗಾದಿ ಮ್ಯಾಲ ಗಿರಾಕಿ ಕುಂತಾಗ
ಒಳಮನಿ ಪರದೆ ಹಿಂದ ಅಕ್ಕಾರ ಬಳಿ.
ಒಂದು ಸಪ್ಪಳ ಅಂದ್ರ ಕೊಡ್ರಿ.
ಎರಡು ಅಂದ್ರ ಮಾತು ಮುಗೀತು.
ಪ್ಯಾಟ್ಯಾಗ ಎಲ್ಲಾರೂ ಅಂತಿದ್ರಂತ,
ಹಲಗೇರಿಯವರಿಗೆ ದರದ ವಾಸನಿ ಹತ್ತತೈತಿ.

ಬಿಳಪಿನೊಳಗ ಯಾರೂ ಇಲ್ಲ.
ಅದರ ನಟ್ಟನಡುವಿನಿಂದ, ಎಲ್ಲೂ ತಡೀದ,
"ಕಡ್ಡಿ ಮಾಲು. ಹದಿನೆಂಟಕ್ಕ ಕೊಡಬ್ಯಾಡ್ರಿ."
"ಹೂಂ" ಅಂದ್ರು ಸಾಹುಕಾರ್ರು,
ಕಾಲು ತಾನ ಮಡಚಿತು.
ಆಮ್ಯಾಲ ನಮ್ಮನ್ನ ನೋಡಿ, ಚಾ ಕುಡದ್ರು. ಅದು ಆರಿತ್ತು.

"ಇಲ್ಲಿಂದ ನೀವು ಕಾಣಸ್ತೀರಿ,"
ಮತ್ತ ಬಂತು ದನಿ, ಸ್ವಲ್ಪ ತಡದು.
"ಎಳಿ ಎಳಿ ಆಗಿ. ಸಣ್ಣಗ.
ಆ ಪರದೆಯಿಂದನೂ ಹಿಂಗ ಕಾಣತಿದ್ರಿ."

ಬಟ್ಟಿ ಒಂಚೂರು ತಿಂತೈತಿ,
ಸ-ಕಾರ, ಶ-ಕಾರದ ತುದಿ. ಎರಡು ಅಂಕಿ ಏರಿಸಬೇಕು ಮಷಿನ್ನಿನಾಗ.
ಅಕ್ಕಾರ ಮಾತಿಗೆ ಏರಿಸೂದು ಬೇಕಾಗಲಿಲ್ಲ.

ವಾಯರ್ ಬಂತು. ಜೋಡಿಸಿದ್ನಿ. ಕತ್ತಲಾತು.
ಅವರು ಇನ್ನೂ ಹೊರಗ ಬಂದಿರಲಿಲ್ಲ,
ಪೆಟಿಗಿ ಹಿಂದ ಮಣಿ ಹಾಕ್ಕೊಂಡು ಕುಂತಿದ್ರು.
ಬಿಲ್ಲು ಓದಿದ ಸಾಹುಕಾರ್ರು ಕನ್ನಡಕಾ ಏರಿಸಿ
"ಎರಡು ಸಾವಿರ ಬಿಡ್ರಿ" ಅಂದ್ರು.

ತೆರಿ ಹಿಂದ ಬಳಿ
ಒಂದ ಸಲ.

ನೋಟು ಎಣಿಸಿ ಕೈಗಿಟ್ರು, ಪೂರಾ.
ಎರಡನೇ ಸಪ್ಪಳ ಬರೂದರೊಳಗ
ಕಿಸೆಕ್ಕ ಹಾಕ್ಕೊಂಡು
ಚೀಲಾ ಎತ್ತಿದ್ನಿ.