ಹನ್ನೆರಡು ಮೊಳ

ಮದುವೆಯಾದ ಮೂರನೇ ದಿನ ನಿನ್ನಮ್ಮ ಹೇಳಿಕೊಟ್ಟಳು:
ಬೆಳ್ಳುಳ್ಳಿಯ ಎಸಳು ಬಿಡಿಸಬಾರದು, ಗಡ್ಡೆ ಇಡಿಯಾಗಿಯೇ ಇರಬೇಕು,
ದ್ರಾಕ್ಷಿಯ ಹುಳಿನೀರು ಮುಳುಗುವಷ್ಟು ಹೊಯ್ದು
ಮುಚ್ಚಳಕ್ಕೆ ಮೇಣ ಬಳಿದು
ಏಳು ವರ್ಷ ಮರೆತುಬಿಡಬೇಕು.
'ಮರೆಯುವುದೊಂದೇ ಕಷ್ಟ' ಅಂದಳು, 'ಉಳಿದದ್ದು ಸುಲಭ.'

ನಾಲ್ಕನೇ ವರ್ಷ ನಡೆಯುತ್ತಿತ್ತು.

ನಾನು ಗುಡ್ಡದ ಮೇಲೆ, ಅಕ್ಕನ ಬಾಣಂತನಕ್ಕೆ.
ಇಳಿಹೊತ್ತಿಗೆ ಓಕ್ ಮರಗಳಾಚೆ ವಿಮಾನದ ಸದ್ದು,
ನಾಲ್ಕೈದು ಮಂಕು ಪೆಟ್ಟು. ಕಿಟಕಿಯ ಗಾಜೂ ಅದುರಲಿಲ್ಲ.
'ಠುಸ್ಸೆಂದಿತು, ದೇವರು ದೊಡ್ಡವನು' ಅಂದ ಭಾವ.
ಕತ್ತಲಾಗುವಾಗ ಕೆಳಗಿನಿಂದ ಓಡಿಬಂದ ಕುರಿಕಾಯುವ ಹುಡುಗ:
ಪೇಟೆಯ ತುಂಬ ಬೆಳ್ಳುಳ್ಳಿ ವಾಸನೆ.

ನಗು ಬಂತು ನನಗೆ. ಸುಳ್ಳೇಕೆ ಹೇಳಲಿ, ನಗು ಬಂತು.
ಜಾಡಿ ಒಡೆದಿದ್ದೀಯ ಅಂದುಕೊಂಡೆ.
ಬಯ್ಗುಳ ಜೋಡಿಸಿಕೊಳ್ಳುತ್ತಲೇ ಗುಡ್ಡ ಇಳಿದೆ.

ಶಾಲೆಯ ಅಂಗಳಕ್ಕೆ ಹಗ್ಗ ಕಟ್ಟಿದ್ದರು.
ಆಚೆ ಬೆತ್ತಲೆ ಗಂಡಸರ ಸಾಲು, ಬೆಂಕಿ ಆರಿಸುವವರ ಪೈಪು,
ಬಟ್ಟೆಯ ರಾಶಿಗೆ ಸುಣ್ಣ ಸುರಿಯುವ ಇಬ್ಬರು ಸಿಪಾಯಿಗಳು.
ರಾಶಿಯ ನೆತ್ತಿಯಲ್ಲಿ ನಿನ್ನ ನಡುಪಟ್ಟಿ—
ಒಂದು ತುದಿ ನಾನು ಹಿಡಿದು ನಿಂತರೆ
ಇನ್ನೊಂದು ತುದಿ ಹೊಟ್ಟೆಗೆ ಒತ್ತಿ
ಬಾಗಿಲಿನಿಂದ ಬುಗುರಿಯಂತೆ ತಿರುಗುತ್ತ, ಸುತ್ತಿಕೊಳ್ಳುತ್ತ
ಪ್ರತಿ ಬೆಳಿಗ್ಗೆ ನನ್ನ ಕೈಗೆ ಬಂದು ಸೇರುತ್ತಿದ್ದೆ.
ಹನ್ನೆರಡು ಮೊಳ.
ಒಂದು ಗುದ್ದಲಿ ಸುಣ್ಣ, ಕಂದು ಹೋಗಿ ಬಿಳಿ.

ನೀನು ಬೆಂಚಿನ ಮೇಲೆ. ಕಣ್ಣು ಊದಿ ಮುಚ್ಚಿಕೊಂಡಿದ್ದವು.
ನಾನು ತುಟಿ ಬಿಚ್ಚಿರಲಿಲ್ಲ, ಚಪ್ಪಲಿಯ ಸದ್ದಿಗೇ ತಲೆ ಎತ್ತಿದೆ:
'ಗೆಲಾವೇಜ್, ಅಲ್ಲೇ ನಿಲ್ಲು.'
'ಎಲ್ಲಿ?'
'ಪಟ್ಟಿಯಷ್ಟು ದೂರ.'
ಅಳೆದೇ ನಿಂತೆ, ಸಿರ್ವಾನ್. ಒಂದು ಗೇಣೂ ಮೋಸ ಮಾಡಲಿಲ್ಲ.

ಮೈಲಿಗೆ ಅಂದರೆ ನೀರಿಗೆ ಹೋಗುತ್ತದೆ ಅಂದುಕೊಂಡಿದ್ದೆ.
ಹೆತ್ತದ್ದು, ಸತ್ತದ್ದು, ತಿಂಗಳಿನದು,
ಎಲ್ಲಕ್ಕೂ ಒಂದು ಲೆಕ್ಕ: ಇಷ್ಟು ದಿನ, ಇಷ್ಟು ಬಿಂದಿಗೆ.
ಇದರ ಲೆಕ್ಕ ಮುಲ್ಲಾನಿಗೂ ಗೊತ್ತಿರಲಿಲ್ಲ,
ಮೂತಿಗೆ ರಬ್ಬರು ಕಟ್ಟಿದ ಡಾಕ್ಟರಿಗೂ.
ಅವನಿಗೆ ಗೊತ್ತಿದ್ದದ್ದು ಒಂದೇ, ಅದನ್ನೇ ಕೂಗುತ್ತಿದ್ದ:
ರೊಟ್ಟಿ ಅಂಗಡಿಯವನನ್ನು ತಬ್ಬಿಕೊಂಡ ಹೆಂಡತಿಯ ತೋಳಲ್ಲಿ
ಬೊಬ್ಬೆ ಎದ್ದಿದೆ, ಅವನ ಕೆನ್ನೆ ಒರಗಿದ್ದ ಕಡೆ,
ಕೆನ್ನೆಯಷ್ಟೇ ಅಗಲ.

ಆಮೇಲೆ ಬಸ್ಸು. ಸೀಟು ಕಿತ್ತ ಬಸ್ಸು. ತಬ್ರೀಜಿಗೆ,
ಅಲ್ಲಿಂದ ಹೆಸರು ಹೇಳಲು ನಾಲಗೆ ತಿರುಗದ ಯಾವುದೋ ಹಿಮದ ದೇಶಕ್ಕೆ.
ನಿನ್ನ ಕಾಗದ ಬೇರೆ ಯಾರದೋ ಅಕ್ಷರದಲ್ಲಿ ಬರುತ್ತಿತ್ತು.
ಪ್ರತಿ ಕಾಗದದ ಕೊನೆಗೂ: ಜಾಡಿ ಹೇಗಿದೆ?
'ಚೆನ್ನಾಗಿದೆ, ಕಪ್ಪಾಗುತ್ತಿದೆ' ಎಂದು ಬರೆಸಿದೆ.
ಮನೆ ತೊಳೆಯಲು ಬಂದವರು ಮೊದಲ ವಾರವೇ
ಹಿಟ್ಟು, ಅಕ್ಕಿ, ವಾಲ್‌ನಟ್, ಎಲ್ಲದರ ಜೊತೆ
ಅದನ್ನೂ ಹೂತರು. ನಾನು ನೋಡುತ್ತಿದ್ದೆ.

ಈ ಊರಲ್ಲಿ ಈಗ ಬೆಳ್ಳುಳ್ಳಿ ಯಾರೂ ಮಾರುವುದಿಲ್ಲ.
ನೀನು ಬರುವ ಸುದ್ದಿ ಬಂದಾಗ ಗುಡ್ಡದಿಂದ ತರಿಸಿ,
ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊಸ ಜಾಡಿ ತುಂಬಿದೆ.

ನೀನು ಬಂದೆ. ಜೇಬಿನಲ್ಲಿ ಸೀಲು ಒತ್ತಿದ ಕಾಗದ:
ಈ ದೇಹದಿಂದ ಯಾರಿಗೂ ಅಪಾಯವಿಲ್ಲ.
ಆದರೂ ಹಾಸಿಗೆ ಬಾಗಿಲ ಬಳಿ ಹಾಸಿದೆ,
ನಿನ್ನ ಲೋಟ ನೀನೇ ತೊಳೆದು ಬೋರಲು ಹಾಕಿದೆ.
ರಾತ್ರಿಯಿಡೀ ನಿನ್ನ ಎದೆ ಹಳೆಯ ಕೀಲಿನಂತೆ ಕಿರುಗುಟ್ಟಿತು.
'ಏಳು ತುಂಬಿತಲ್ಲವೇ?' ಎಂದು ಕತ್ತಲಿಗೆ ಕೇಳಿದೆ.
'ಇಲ್ಲ. ಮತ್ತೆ ಶುರು.'
ಬಹಳ ಹೊತ್ತು ಸುಮ್ಮನಿದ್ದು
'ಗೊತ್ತಿತ್ತು' ಅಂದೆ.

ಇವತ್ತು ಬೆಳಿಗ್ಗೆ ಹೊಸ ಪಟ್ಟಿಯ ಒಂದು ತುದಿ
ನಿನ್ನತ್ತ ಎಸೆದೆ.
ಎತ್ತಿಕೊಳ್ಳಲು ಚಹಾ ಆರುವಷ್ಟು ಹೊತ್ತು ಬೇಕಾಯಿತು ನಿನಗೆ.
ಒಂದು ಸುತ್ತು. ಎರಡು.
ಗೋಡೆ ಹಿಡಿದು ಕೆಮ್ಮಿ, ನಿಂತೆ.

ಇನ್ನೂ ಹತ್ತು ಮೊಳ ಇದೆ.
ಒಲೆಯ ಮೇಲೆ ಏನೋ ಸೀಯುತ್ತಿದೆ, ಸೀಯಲಿ.
ನಾನು ತುದಿ ಬಿಟ್ಟಿಲ್ಲ.