ಮೂರನೇ ತಿಂಗಳ ಲೆಕ್ಕ

ಹೆಸರು ಕೇಳಿದರು. ಪುರುಷೋತ್ತಮ ಬುಧವಂತ ಹರಿಕಂತ್ರ, ಅಂದೆ.
ವಯಸ್ಸು ನಲವತ್ತೈದು. ಊರು ಕೋಡಿಬಾಗ.
ಬರೆದುಕೊಳ್ಳುವವ 'ಬುಧವಂತ' ಬಳಿ ಪೆನ್ನು ನಿಲ್ಲಿಸಿ
ಒಮ್ಮೆ ಇವನ ಮುಖ ನೋಡಿದ.
ಅದು ಅಪ್ಪನ ಹೆಸರು, ಬರೀರಿ, ಅಂದೆ.

ಉಡಿದಾರದ ಬಿಲ್ಲೆ ತೆಗೆಸಿದರು.
ಅಂಗಿಯ ಗುಂಡಿ ಬಿಚ್ಚಿದ್ದು ನಾನು.
ಎರಡು ಕೈ ಒಂದೇ ಕೆಲಸಕ್ಕೆ ಕೂಡುವುದು ಅವನಿಗೆ ಒಗ್ಗದು:
ಬಲಗೈ ಗುಂಡಿ ಹಿಡಿದರೆ
ಎಡಗೈ ಸಮುದ್ರ ನೋಡುತ್ತ ಕೂತಿರುತ್ತದೆ.

ಕೊಳವೆಯೊಳಗೆ ಡಬಡಬ ಸದ್ದು.
ಹೆದರಿಯಾನೆಂದು ಗಾಜಿನಾಚೆ ಉಸಿರು ಹಿಡಿದಿದ್ದೆ.
ಹೊರಗೆ ಬಂದವನು ಕೇಳಿದ್ದು ಒಂದೇ:
"ಯಾರ ಬೋಟು? ಇಂಜಿನ್ ಹಾಳಾಗಿದೆ."

ಡಾಕ್ಟರು ಕಲಬುರಗಿ ಕಡೆಯ ಹುಡುಗಿ, ನನ್ನ ಮಗಳ ಪ್ರಾಯ.
ದೀಪದ ಹಲಗೆಗೆ ಹಾಳೆ ಸಿಕ್ಕಿಸಿ ತೋರಿಸಿದಳು:
ಇದು ಎಡ. ಇದು ಬಲ.
ನಡುವೆ ಬಿಳಿ ನರಗಳ ದಪ್ಪ ಸೇತುವೆ ಇರ್ತದ್ರೀ,
ಇವರಿಗದು ಕಟ್ಟೇ ಇಲ್ಲ.
ಅಲ್ಲಿ ಕೋಣದ ಕೊಂಬಿನಂತೆ ಎರಡು ಕಪ್ಪು, ಬರೇ ನೀರು.

ನಾನು ನಕ್ಕುಬಿಟ್ಟೆ. ಅವಳು ಗಾಬರಿಯಾದಳು.
ಅಲ್ಲ ಮಗಾ, ಇವನು ಹುಟ್ಟಿದಾಗ ನಮ್ಮ ಕಾಳಿಗೂ ಸೇತುವೆ ಇರಲಿಲ್ಲ.
ಸದಾಶಿವಗಡಕ್ಕೆ ಹೆಣ್ಣು ಕೊಟ್ಟಿದ್ದರು,
ಮೀನಿನ ಬುಟ್ಟಿ, ಅಕ್ಕಿ ಮೂಟೆ, ಎಲ್ಲ ತರಿಯ ಮೇಲೆ.
ತಡವಾಗುತ್ತಿತ್ತು, ಅಷ್ಟೆ.
ಕೆಲವು ದಿನ ಹೋಗುತ್ತಲೇ ಇರಲಿಲ್ಲ.

ದಾಟಬೇಕಿದ್ದ ಎಳೆಗಳು ಏನಾದವು?
ಸಾಯೂದಿಲ್ರಿ, ಅಂದಳು. ದಾರಿ ಸಿಗದ ತಿರುಗಿ
ತಮ್ಮ ತಮ್ಮ ದಂಡೆಗುಂಟ ಹರಕೋತ ಹೋಗ್ತಾವ.
ಅದಕ್ಕೇ ಇರಬೇಕು,
ಬುಧವಾರದ ನಗೆಮಾತಿಗೆ ಶುಕ್ರವಾರ ನಗುತ್ತಾನೆ
ಬಚ್ಚಲಲ್ಲಿ, ಒಬ್ಬನೇ, ತಲೆಗೆ ನೀರು ಹೊಯ್ದುಕೊಳ್ಳುತ್ತ.

ಕಾರ್ಡಿನ ಕಾಗದಕ್ಕೆ ಶೇಕಡಾ ಎಪ್ಪತ್ತೈದು ಎಂದು ಬರೆದರು.
ಉಳಿದ ಇಪ್ಪತ್ತೈದು ಯಾವುದು ಎಂದು ಕೇಳಲಿಲ್ಲ.
ಕೇಳಬೇಕಾದ್ದು ಬೇರೆಯೇ ಇತ್ತು.
ಇದು ಆದದ್ದು ಯಾವಾಗ?
ಹೊಟ್ಟ್ಯಾಗ ಮೂರನೇ ತಿಂಗಳು, ನಾಲ್ಕು. ಅಷ್ಟರೊಳಗ.
ಏಳನೆಯದರಲ್ಲಿ?
ಇಲ್ರಿ. ಏಳಕ್ಕ ಆಗೋದೆಲ್ಲ ಆಗಿಹೋಗಿರ್ತದ.

ಎಂಬತ್ತರ ಫೆಬ್ರವರಿ.
ಹಗಲು ಮೂರೂವರೆಗೆ ಕೋಳಿಗಳು ಗೂಡಿಗೆ ಹೋದವು.
ಕಿಟಕಿಗೆ ಗೋಣಿ ಕಟ್ಟಿ ನಮ್ಮನ್ನೆಲ್ಲ ಒಳಗೆ ಕೂಡಿದ್ದರು.
ನಾನು ಹಸಿವೆಂದು ಅತ್ತೆ.
ಅವ್ವಿ ಏಳು ತಿಂಗಳ ಹೊಟ್ಟೆ ಹೊತ್ತು ಹಿಂಬಾಗಿಲಿಗೆ ಹೋಗಿ
ಬುಟ್ಟಿಯ ತಳದಿಂದ ನಾಲ್ಕು ತಿಸ್ರೆ ತಂದು
ಈಳಿಗೆಯ ಮೇಲೆ ಸೀಳಿದಳು.
ಎರಡು ಚಿಪ್ಪು, ನಡುವೆ ಕೀಲು. ಟಕ್.
ನನಗೆ ಆರು ವರ್ಷ. ಆ ಸದ್ದು ಇನ್ನೂ ಇದೆ.

ಏಪ್ರಿಲಿನಲ್ಲಿ ಇವನು ಬಂದ.
ನಡೆಯಲು ಮೂರು ವರ್ಷ, ಮಾತಿಗೆ ಆರು.
ಕೇರಿ ಲೆಕ್ಕ ಹಾಕಿತು. ಅಜ್ಜಿ ಲೆಕ್ಕ ಹಾಕಿದಳು:
ಗ್ರಹಣದಲ್ಲಿ ಕಬ್ಬಿಣ ಮುಟ್ಟಿದವಳು.
ಅವ್ವಿ ಎದುರಾಡಲಿಲ್ಲ.
ಸೊಂಟದ ನೀರಲ್ಲಿ ನಿಂತು ತಿಸ್ರೆ ಆರಿಸಿದಳು, ಮಾರಿದಳು,
ಬದುಕಿಡೀ ಒಂದನ್ನೂ ಬಾಯಿಗಿಡಲಿಲ್ಲ.
ಹುಡುಗಿ ಹಸಿದಿದ್ದಳು ಎಂದು ಯಾರಿಗೂ ಹೇಳಲಿಲ್ಲ.
ನಾನೂ ಹೇಳಲಿಲ್ಲ.

ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ:
ಫೆಬ್ರವರಿಗೆ ಏಳಾದರೆ ಜನವರಿಗೆ ಆರು,
ಐದು, ನಾಲ್ಕು,
ಮೂರು ಎಂದರೆ ದೀಪಾವಳಿಯ ತಿಂಗಳು.
ಸೂರ್ಯ ತನ್ನ ಪಾಡಿಗೆ ಹುಟ್ಟಿ ಮುಳುಗುತ್ತಿದ್ದ.
ಈಳಿಗೆ ಮೂಲೆಯಲ್ಲಿತ್ತು.
ಮತ್ತೆ ಎಣಿಸಿದೆ. ಮತ್ತೊಮ್ಮೆ. ಬೆರಳು ತಪ್ಪಿಲ್ಲ ತಾನೆ?
ಇಳಿಯುವ ನಿಲ್ದಾಣ ಹಿಂದೆ ಹೋಯಿತು,
ಬಸ್ಸು ಸೇತುವೆ ಹತ್ತಿಬಿಟ್ಟಿತು.

ಹೇಳಬೇಕಾದವಳು ಹೋಗಿ ಹನ್ನೊಂದು ಮಳೆಗಾಲ.

ನಡುಹೊಳೆಯ ಮೇಲೆ
ಲಕೋಟೆ ಎದೆಗವಚಿ ಕೂತಿದ್ದ ಪುರ್ಸು
ಇದ್ದಕ್ಕಿದ್ದಂತೆ ಜೋರಾಗಿ ನಕ್ಕ. ಬಸ್ಸೆಲ್ಲ ತಿರುಗಿ ನೋಡಿತು.
ಈ ವಾರ ಮನೆಯಲ್ಲಿ ಯಾರೂ ನಗೆಮಾತು ಆಡಿರಲಿಲ್ಲ.
ಏನೋ? ಅಂದೆ.
"ಅವ್ವಿ," ಅಂದ,
ಮತ್ತೆ ನಕ್ಕ.