ಎಡಗಾಲಿನ ಉಕ್ಕು

ಸಂಪಂಗಿಯ ಎಡಗಾಲಿಗೆ ಉಕ್ಕಿನ ಅಟ್ಟೆ ಬಡಿದವನು ನಾನು.
ಆಂಡರ್ಸನ್‌ಪೇಟೆಯ ನನ್ನ ಗ್ರಿಲ್ ಅಂಗಡಿಯಲ್ಲಿ,
ಲಾರಿಯ ಹಳೇ ಪಟ್ಟಿ ಕಾಯಿಸಿ,
ಅವನ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು.
ಬಲಗಾಲಿಗೆ ಬೇಡವೇನೋ ಅಂದೆ.
ಬೇಡ ಮೇಸ್ತ್ರಿ,
ಆ ಆಟದಲ್ಲಿ ಬಲಕ್ಕೆ ತಿರುಗೋದೇ ಇಲ್ಲ ಅಂದ.

ನಾಲ್ಕು ಜನ, ನಾಲ್ಕು ಸುತ್ತು, ಒಂದೇ ಗೇರು.
ಗಾಡಿ ಕುಡಿಯೋದು ಪೆಟ್ರೋಲಲ್ಲ, ಸ್ಪಿರಿಟ್ಟು.
ಬ್ರೇಕು?
ಅವನು ಬಾಗಿಲ ಕಡೆ ನೋಡಿದ.
ಇಲ್ಲ. ಅಕ್ಕನಿಗೆ ಮಾತ್ರ ಹೇಳಬೇಡಿ.

ಕಲಿತದ್ದು ಸೈನೈಡ್ ದಿಬ್ಬದ ಬುಡದಲ್ಲಿ.
ಅವನ ತಾತ ಚಾಂಪಿಯನ್ ರೀಫಿನಲ್ಲಿ ಕೆಳಗಿಳಿದು ಒಡೆದ ಕಲ್ಲು,
ಮೇಲೆ ಬಂದು, ಅರೆದು, ಚಿನ್ನ ಕೊಟ್ಟು,
ಹಿಟ್ಟಾಗಿ ಗುಡ್ಡ ಬಿದ್ದಿದೆಯಲ್ಲ, ಅಲ್ಲಿ.
ಬೇಸಿಗೆ ಗಾಳಿಗೆ ನಮ್ಮ ಸಾರಿನೊಳಗೂ ಬಂದು ಕೂರುವ ಮಣ್ಣು.
ಸಂಜೆಗೆ ಅಡಿಯಿಂದ ಮುಡಿಯವರೆಗೆ ಬೂದಿಯಾಗಿ ಬರುತ್ತಿದ್ದ,
ಕಣ್ಣೆರಡು ಮಾತ್ರ ಮನುಷ್ಯನವು.

ನಮ್ಮ ದೇಶದಲ್ಲಿ ಈ ಆಟ ಆಡುವವರನ್ನೆಲ್ಲ ಸೇರಿಸಿದರೆ
ಬೇತಮಂಗಲದ ಷೇರ್ ಆಟೋ ಒಂದು ತುಂಬುವುದಿಲ್ಲ.
ಅವರಲ್ಲಿ ಇವನೇ ಫಸ್ಟು.
ಹಾಗಾಗಿ ದೇಶ ಅಂದರೆ ಇವನೇ.

ಆ ರಾತ್ರಿ ಫೋನನ್ನು ಬೆಂಚ್ ವೈಸಿಗೆ ಕಚ್ಚಿಸಿ ನಿಲ್ಲಿಸಿದೆ.
ನಾನು, ಟೈರ್ ಅಂಗಡಿ ನಯಾಜು, ಟೀ ಕುಪ್ಪುಸ್ವಾಮಿ,
ಲೈಟು ನೋಡಿ ಬಂದ ಬೀಟ್ ಪೊಲೀಸು.
ಪೋಲೆಂಡಿನ ಯಾವುದೋ ಊರು. ಮಳೆ ಬಂದು ನಿಂತಿತ್ತು.
ಅಲ್ಲಿನ ಮಣ್ಣು ಕೆಂಪು, ಒದ್ದೆ, ಭಾರ.
ಮೈಕಿನವನ ಬಾಯಲ್ಲಿ ಸಂಪಂಗಿ ಮೂರು ತುಂಡಾಗಿ
ಯಾವುದೋ ತಿಂಡಿಯ ಹೆಸರಿನಂತೆ ಕೇಳಿಸಿತು.

ದಾರ ಮೇಲೆದ್ದಿತು, ನಾಲ್ವರೂ ನುಗ್ಗಿದರು.
ಮೊದಲ ತಿರುವು ಕಳೆದು ನೋಡಿದರೆ ನಮ್ಮವನಿಲ್ಲ.
ಬಿದ್ದನಾ? ಬಿದ್ದಿಲ್ಲ.
ಕ್ಯಾಮೆರಾ ಮುಂದಿನವರ ಹಿಂದೆ ಹೋಗಿತ್ತು.
ಸಂಪಂಗಿ ಫೋನಿನ ಅಂಚಿನ ಆಚೆ,
ವೈಸಿನ ದವಡೆಯ ಪಕ್ಕ, ನನ್ನ ಸುತ್ತಿಗೆ ಇಟ್ಟಿದ್ದ ಜಾಗದಲ್ಲಿ
ಎಲ್ಲೋ ಓಡಿಸುತ್ತಿದ್ದ.
ನಾವು ಆ ಜಾಗವನ್ನೇ ನೋಡುತ್ತಾ ಕೂತೆವು.

ಸೊನ್ನೆ.
ಎರಡನೆಯದೂ ಸೊನ್ನೆ.
ಮೂರನೆಯದರಲ್ಲಿ ಆತುರಪಟ್ಟು ದಾರ ಮುಟ್ಟಿದ, ಹೊರಗೆ ಹಾಕಿದರು.
ಆ ಊರಿನ ಹುಡುಗರು ಏಳನೇ ವಯಸ್ಸಿಗೇ ಗಾಡಿ ಹತ್ತುತ್ತಾರಂತೆ,
ನಯಾಜು ಅಂದ.
ಇವನು ಏಳನೇ ವಯಸ್ಸಿಗೆ ನೀರಿನ ಬಿಂದಿಗೆ ಹೊರುತ್ತಿದ್ದ,
ಕುಪ್ಪುಸ್ವಾಮಿ ಅಂದ.
ಪೊಲೀಸು ಏನೂ ಅನ್ನಲಿಲ್ಲ, ಟೋಪಿ ತೆಗೆದಿಟ್ಟ.

ನಾಲ್ಕನೆಯದರಲ್ಲಿ ಬಿಳಿ ಹೆಲ್ಮೆಟ್ಟಿನವನು ಜಾರಿದ.
ಗಾಡಿ ಒಂದು ಕಡೆ, ಅವನೊಂದು ಕಡೆ.
ಅವನನ್ನು ದಾಟಿಕೊಂಡು, ಪರದೆಯ ಒಳಗೆ, ಪೂರ್ತಿಯಾಗಿ,
ಎಡಗಾಲು ಚಾಚಿ ಬಂದ ಸಂಪಂಗಿ!
ಒಂದು ಪಾಯಿಂಟು.
ನಾವು ಕಿರುಚಿದ್ದಕ್ಕೆ ಎದುರು ಮನೆ ಲೈಟು ಹತ್ತಿಕೊಂಡಿತು.
ಆಮೇಲೆ, ಬಿದ್ದವನು ಮಂಡಿ ಹಿಡಿದು ಏಳುತ್ತಿದ್ದಾಗ,
ಸ್ವಲ್ಪ ನಾಚಿಕೆಯಾಯಿತು.
ಅವನ ಕಾಲಿಗೂ ಯಾರೋ ಅಟ್ಟೆ ಬಡಿದಿರುತ್ತಾರಲ್ಲ.

ಐದನೆಯದು ಸೊನ್ನೆ. ಹದಿನಾರರಲ್ಲಿ ಹದಿನಾರು.

ಹದಿನೈದು ದಿನಕ್ಕೆ ಅಂಗಡಿಗೆ ಬಂದ.
ಪ್ಲಾಸ್ಟಿಕ್ ಚೀಲದಿಂದ ಅಟ್ಟೆ ತೆಗೆದು ಬೆಂಚಿನ ಮೇಲಿಟ್ಟ.
ಹೆಬ್ಬೆರಳ ಕೆಳಗೆ ಉಕ್ಕು ಸವೆದು
ದೋಸೆಯ ಅಂಚಿನಷ್ಟು ತೆಳ್ಳಗಾಗಿತ್ತು.
ಗೆದ್ದವನದೂ ಇಷ್ಟೇ ಸವೆಯುತ್ತದಾ ಅಂತ ಕೇಳಬೇಕೆನಿಸಿತು,
ಕೇಳಲಿಲ್ಲ.
ಇಲ್ಲಿ ಎರಡು ಎಂಎಂ ಜಾಸ್ತಿ ಇರಲಿ ಮೇಸ್ತ್ರಿ,
ಒದ್ದೆ ಮಣ್ಣು ಎಳೆಯುತ್ತೆ ಅಂದ.
ಬೆಸುಗೆಯ ಸಂದಿಯಲ್ಲಿ ಆ ಕೆಂಪು ಮಣ್ಣು ಒಣಗಿ ಕೂತಿತ್ತು.
ಕೆರೆಯಬೇಕಿತ್ತು, ಕೆರೆಯಲಿಲ್ಲ,
ಹಾಗೇ ರಾಡು ತಾಗಿಸಿದೆ.
ಗೊತ್ತಿಲ್ಲದ ವಾಸನೆಯೊಂದು ಎದ್ದಿತು.

ಅಷ್ಟರಲ್ಲಿ ಬಾಗಿಲಲ್ಲಿ ಮುನಿರತ್ನಮ್ಮ, ಅವನ ಅಕ್ಕ.
ಆ ಗಾಡಿಗೆ ಬ್ರೇಕೇ ಇಲ್ವಂತೆ, ಹೌದಾ ಮೇಸ್ತ್ರಿ?
ಸಂಪಂಗಿ ನನ್ನ ಮುಖ ನೋಡಿದ.
ನಾನು ವೆಲ್ಡಿಂಗ್ ಮುಖವಾಡ ಕೆಳಗೆಳೆದುಕೊಂಡೆ.